ದೋಣಿಗೆ ಬರುವ ಸುದ್ದಿ ಕಾರಿಗೇಕೆ ಬರುವುದಿಲ್ಲ?

2024ರ ಅಕ್ಟೋಬರ್ ನಡುವಿನಲ್ಲಿ ಚೆನ್ನೈಗೆ ಭಾರಿ ಮಳೆಯ ಮುನ್ಸೂಚನೆ ಬಂದದ್ದೇ ತಡ, ವೇಳಚ್ಚೇರಿಯ ಜನ ತಮ್ಮ ಕಾರುಗಳನ್ನು ತಂದು ಮೇಲ್ಸೇತುವೆಯ ಅಂಚಿಗೆ ಸಾಲಾಗಿ ನಿಲ್ಲಿಸಿಬಿಟ್ಟರು. ದಂಡ ಹಾಕುತ್ತಾರಂತೆ ಎಂಬ ಸುದ್ದಿ ಹಬ್ಬಿತು, ಹಾಗೇನೂ ಇಲ್ಲ ಎಂದು ಪೊಲೀಸರು ಹೇಳಿದರು, ಕಾರುಗಳಂತೂ ಕದಲಲಿಲ್ಲ. ಆ ಫೋಟೊ ನೋಡಿ ನಕ್ಕವರು ಬಹಳ. 2015ರ ಡಿಸೆಂಬರ್ ಮತ್ತು 2023ರ ಡಿಸೆಂಬರ್ ನೆರೆಗಳೆರಡನ್ನೂ ಆ ಬೀದಿಗಳಲ್ಲೇ ಕಳೆದವರು ಮಾತ್ರ ನಗಲಿಲ್ಲ. ಎಂಜಿನ್‌ಗೆ ನೀರು ನುಗ್ಗಿದ ಕಾರಿನ ರಿಪೇರಿ ಬಿಲ್ ನೋಡಿದವರಿಗೆ ಪೊಲೀಸರ ದಂಡ ಯಾವ ಲೆಕ್ಕ?

ನಾಳೆ ಮಳೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಯಾವ ರಸ್ತೆಯಲ್ಲಿ ಎಷ್ಟು ಹೊತ್ತಿಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಯಾವ ಸೇತುವೆ ಮುಚ್ಚಿದ್ದಾರೆ, ಯಾವ ದಾರಿ ಇನ್ನೂ ತೆರೆದಿದೆ ಎಂಬುದು ಮಾತ್ರ ಕಾರಿನಲ್ಲಿ ಕೂತವರಿಗೆ ತಿಳಿಯುವ ವ್ಯವಸ್ಥೆ ಇರಲಿಲ್ಲ. ಹೀಗಿರುವಾಗ ಕಾರನ್ನೇ ರಸ್ತೆಯಿಂದ ಎತ್ತಿ ಮೇಲೆ ಇಡುವುದು ಜಾಣತನವೇ ಸರಿ.

ಈ ಸುದ್ದಿಯನ್ನು ಆಕಾಶದಿಂದ ನೇರವಾಗಿ ಕಾರಿನ ನಕ್ಷೆಯ ಮೇಲೆ ಇಳಿಸುವ ತಂತ್ರಕ್ಕೆ ಇಪ್ಪತ್ತು ವರ್ಷ ದಾಟಿದೆ. ಭಾರತ ಎರಡು ಸಲ ಅದರ ಹೊಸ್ತಿಲವರೆಗೆ ಹೋಗಿ ವಾಪಸಾಗಿದೆ. ಎರಡು ಸಲವೂ ಆ ಪ್ರಯತ್ನ ನಡೆದದ್ದು ಬೆಂಗಳೂರಿನಿಂದ. ಆಮೇಲೆ ಸ್ಮಾರ್ಟ್‌ಫೋನ್ ಬಂತು, ಇನ್ನು ಅದರ ಅಗತ್ಯವೇ ಇಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಆ ತೀರ್ಮಾನ ಎಷ್ಟು ಅವಸರದ್ದು ಎಂಬುದನ್ನು ನೋಡಬೇಕಾದರೆ ವೇಳಚ್ಚೇರಿಯಿಂದ ಸ್ವಲ್ಪ ದಕ್ಷಿಣಕ್ಕೆ, ಶೋಳಿಂಗನಲ್ಲೂರ್‌ಗೆ ಹೋಗಬೇಕು.

ಹಳೆ ಮಹಾಬಲಿಪುರಂ ರಸ್ತೆ, ಅಂದರೆ ಓಎಂಆರ್ ಮೇಲಿನ ನಾಲ್ಕು ದಾರಿ ಕೂಡುವ ಜಾಗ ಇದು. ಉತ್ತರಕ್ಕೆ ಹೋದರೆ ಕಾರಪಾಕ್ಕಂ, ತೊರೈಪಾಕ್ಕಂ ದಾಟಿ ನಗರ, ದಕ್ಷಿಣಕ್ಕೆ ಸೆಮ್ಮಂಚೇರಿ, ನಾವಲೂರು, ಸಿರುಸೇರಿ, ಪಶ್ಚಿಮಕ್ಕೆ ಮೇಡವಾಕ್ಕಂ, ಪೂರ್ವಕ್ಕೆ ಬಕಿಂಗ್‌ಹ್ಯಾಂ ಕಾಲುವೆ ದಾಟಿದರೆ ಅಕ್ಕರೈ, ಅಲ್ಲಿಂದ ಮುಂದೆ ಸಮುದ್ರ. ಇಲ್ಲಿ ಇನ್ಫೋಸಿಸ್, ವಿಪ್ರೊ ಕ್ಯಾಂಪಸ್‌ಗಳಿವೆ, ಎಲ್ಕಾಟ್‌ನ ವಿಶೇಷ ಆರ್ಥಿಕ ವಲಯವಿದೆ. ಬೆಂಗಳೂರಿನಿಂದ ವರ್ಗವಾಗಿ ಬಂದು ಇಲ್ಲೇ ಬಾಡಿಗೆ ಮನೆ ಹಿಡಿದ ಕನ್ನಡದ ಕುಟುಂಬಗಳಿಗೂ ಕಡಿಮೆಯಿಲ್ಲ. ಮೆಟ್ರೊ ಎರಡನೇ ಹಂತದ ಎರಡು ಮಾರ್ಗಗಳು, ಮಾಧವರಂನಿಂದ ಸಿಪ್‌ಕಾಟ್‌ಗೆ ಹೋಗುವ ಮೂರನೆಯದು ಮತ್ತು ಮಾಧವರಂನಿಂದಲೇ ಸುತ್ತಿಬರುವ ಐದನೆಯದು, ಕೂಡುವುದೂ ಇಲ್ಲಿಯೇ. ಅದರ ಕಾಮಗಾರಿಗಾಗಿ ರಸ್ತೆ ವರ್ಷಗಳಿಂದ ಕಿರಿದಾಗಿ, ತಿರುವುಗಳು ಆಗಾಗ ಜಾಗ ಬದಲಿಸುತ್ತಿವೆ.

ನೀರಿನ ಲೆಕ್ಕ ಬೇರೆಯೇ ಇದೆ. ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಜೌಗಿನಲ್ಲಿ ಈಗ ಉಳಿದಿರುವುದು ಅದರ ಹಳೆಯ ಹರವಿನ ಸಣ್ಣದೊಂದು ಪಾಲು. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ನೀರು ಇಲ್ಲಿಗೆ ಇಳಿದು, ಒಕ್ಕಿಯಂ ಮಡುವಿನ ಮೂಲಕ ಓಎಂಆರ್ ಅಡಿಯಲ್ಲಿ ಹಾದು, ಬಕಿಂಗ್‌ಹ್ಯಾಂ ಕಾಲುವೆ ಸೇರಿ ಮುಟ್ಟುಕಾಡಿನ ಕಡೆ ಹೋಗಬೇಕು. ಅಂದರೆ ನಗರದ ಐಟಿ ರಸ್ತೆ ನೀರಿನ ದಾರಿಗೆ ಅಡ್ಡವಾಗಿ ಮಲಗಿದೆ. ಹಿಂಗಾರಿನಲ್ಲಿ ನೀರು ತನ್ನ ದಾರಿ ಕೇಳುತ್ತದೆ.

2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಹಾದು ಹೋದಾಗ ಆದದ್ದು ಇದೇ. ಶೋಳಿಂಗನಲ್ಲೂರ್‌ನ ಪಕ್ಕದ ಕಾರಪಾಕ್ಕಂನಲ್ಲಿ ನಟ ವಿಷ್ಣು ವಿಶಾಲ್ ಮನೆಗೆ ನೀರು ನುಗ್ಗಿತು. ಕರೆಂಟಿಲ್ಲ, ವೈಫೈ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ತಾರಸಿಯ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಒಂದಿಷ್ಟು ಸಿಗುತ್ತಿದೆ ಎಂದು ಅವರು ಎಕ್ಸ್‌ನಲ್ಲಿ ಬರೆದರು. ಆಗ ಚೆನ್ನೈನಲ್ಲಿದ್ದ ಆಮೀರ್ ಖಾನ್ ಜೊತೆಗೆ ವಿಷ್ಣು ಅವರನ್ನೂ ರಕ್ಷಣಾ ಸಿಬ್ಬಂದಿ ದೋಣಿಯಲ್ಲಿ ಕರೆತಂದ ಚಿತ್ರ ಎಲ್ಲೆಡೆ ಓಡಾಡಿತು. ದೋಣಿಯಲ್ಲಿ ನಟರಿದ್ದರು ಎಂಬುದೇ ಸುದ್ದಿಯಾಯಿತು. ತಾರಸಿಯ ಮೂಲೆಯ ಆ ಮಾತು ಯಾರ ಗಮನಕ್ಕೂ ಬೀಳಲಿಲ್ಲ, ಮುಖ್ಯವಾದದ್ದು ಅದೇ ಆದರೂ. ಟವರ್‌ಗೆ ಕರೆಂಟ್ ಬೇಕು. ಕರೆಂಟ್ ಹೋದ ಮೇಲೆ ಬ್ಯಾಟರಿ, ಜನರೇಟರ್ ಎಷ್ಟು ಹೊತ್ತು ನಡೆಯುತ್ತವೋ ಅಷ್ಟೇ ಅದರ ಆಯಸ್ಸು. ಸುದ್ದಿ ಅತ್ಯಂತ ಬೇಕಾದ ಗಳಿಗೆಯಲ್ಲೇ ಸುದ್ದಿಯ ಕೊಳವೆ ಒಣಗುತ್ತದೆ.

ಫೋನ್ ನಕ್ಷೆಗೆ ಇನ್ನೊಂದು ಮಿತಿಯಿದೆ. ಭಾರತದ ಆರು ಮಹಾನಗರಗಳಲ್ಲಿ ಗೂಗಲ್ ತನ್ನ ಸಂಚಾರ ಮಾಹಿತಿ ಶುರುಮಾಡಿದ್ದು 2012ರಲ್ಲಿ. ಬೆಂಗಳೂರು, ಚೆನ್ನೈ ಎರಡೂ ಅದರಲ್ಲಿದ್ದವು. ರಸ್ತೆಯಲ್ಲಿರುವ ಸಾವಿರಾರು ಫೋನ್‌ಗಳ ಚಲನೆಯನ್ನು ಒಟ್ಟುಗೂಡಿಸಿ, ವೇಗವಿದ್ದರೆ ಹಸಿರು, ತೆವಳುತ್ತಿದ್ದರೆ ಕೆಂಪು ಎಂದು ಗೆರೆ ಎಳೆಯುವುದು ಅದರ ಮೂಲ ಉಪಾಯ. ದಿನನಿತ್ಯದ ಜಾಮ್‌ಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ. ಆದರೆ ಆ ಗೆರೆ ಅಳೆಯುವುದು ವಾಹನದ ವೇಗವನ್ನು, ರಸ್ತೆಯ ಸ್ಥಿತಿಯನ್ನಲ್ಲ. ಕೆಂಪು ಗೆರೆ ಸಿಗ್ನಲ್‌ನಿಂದ ಬಂತೋ, ಮೆರವಣಿಗೆಯಿಂದಲೋ, ಸೊಂಟದುದ್ದ ನೀರಿನಿಂದಲೋ ಎಂದು ಅದೊಂದರಿಂದಲೇ ತಿಳಿಯದು. ಯಾವ ವಾಹನವೂ ಹೋಗದ ರಸ್ತೆಯಿಂದ ಯಾವ ವರದಿಯೂ ಬರುವುದಿಲ್ಲ. ಬಳಕೆದಾರರು ತಾವಾಗಿ ವರದಿ ಮಾಡಬಹುದು, ಪೊಲೀಸರು ಕೊಟ್ಟ ಮಾಹಿತಿ ಸೇರಿಸಬಹುದು ಎಂಬುದೆಲ್ಲ ನಿಜ. ಹಾಗೆ ಆಗದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2023ರ ಅಕ್ಟೋಬರ್ 1ರಂದು ನಡುರಾತ್ರಿ ದಾಟಿದ ಹೊತ್ತಿನಲ್ಲಿ ಎರ್ನಾಕುಳಂ ಜಿಲ್ಲೆಯ ಗೋತುರುತ್ತಿನಲ್ಲಿ ಸುರಿಯುವ ಮಳೆಯಲ್ಲಿ ಜಿಪಿಎಸ್ ತೋರಿಸಿದ ದಾರಿ ಹಿಡಿದ ಕಾರು ನದಿಗೆ ಬಿದ್ದು ಇಬ್ಬರು ಯುವ ವೈದ್ಯರು ತೀರಿಕೊಂಡರು. ಅದೇ ವರ್ಷ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಆಲಿಕಲ್ಲು ಮಳೆಯ ನೀರು ತುಂಬಿದ್ದು ತಿಳಿಯದೆ ಇಳಿದ ಕ್ಯಾಬಿನಲ್ಲಿದ್ದ 22 ವರ್ಷದ ಸಾಫ್ಟ್‌ವೇರ್ ಉದ್ಯೋಗಿ ಜೀವ ಕಳೆದುಕೊಂಡಳು. ವಿಧಾನಸೌಧದಿಂದ ನಡೆದು ಹೋಗುವಷ್ಟು ದೂರದಲ್ಲಿ.

ಹಾಗಾದರೆ ಅಮೆರಿಕದವರು ಮಾಡಿದ್ದೇನು? 2001ರಲ್ಲಿ ಎಕ್ಸ್‌ಎಂ ಎಂಬ ಉಪಗ್ರಹ ರೇಡಿಯೊ ಕಂಪನಿ ಸಂಗೀತದ ಪ್ರಸಾರ ಆರಂಭಿಸಿತು. ಅದರ ಮೊದಲ ಎರಡು ಉಪಗ್ರಹಗಳಿಗೆ ‘ರಾಕ್’, ‘ರೋಲ್’ ಎಂದು ಹೆಸರು. ಸಂಗೀತ ಮಾರುವವರಿಗೆ ತಕ್ಕದ್ದೇ. 2004ರಲ್ಲಿ ಅಕ್ಯೂರಾ ಆರ್‌ಎಲ್ ಎಂಬ ಹೋಂಡಾದ ದುಬಾರಿ ಕಾರಿನೊಂದಿಗೆ ‘ನ್ಯಾವ್‌ಟ್ರಾಫಿಕ್’ ಎಂಬ ಸೇವೆ ಬಂತು. ಹಾಡಿನ ಜೊತೆಗೇ ಅದೇ ತರಂಗದಲ್ಲಿ ಅಪಘಾತ, ಕಾಮಗಾರಿ, ರಸ್ತೆಯ ವೇಗ ಇವುಗಳ ಸಂಕೇತಗಳು ಇಳಿದು ಡ್ಯಾಶ್‌ಬೋರ್ಡಿನ ನಕ್ಷೆಯ ಮೇಲೆ ಗುರುತಾಗಿ ಮೂಡುತ್ತಿದ್ದವು. ಹವಾಮಾನದ ಸೇವೆಯೂ ಹೀಗೇ ಬಂತು. ಕಾರು ಏನನ್ನೂ ಕೇಳಬೇಕಿರಲಿಲ್ಲ, ತಾನೆಲ್ಲಿದ್ದೇನೆ ಎಂದು ಯಾರಿಗೂ ಹೇಳಬೇಕಿರಲಿಲ್ಲ. ದೇಶಕ್ಕೆಲ್ಲ ಬರುವ ಸುದ್ದಿಯಲ್ಲಿ ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಒಂದು ಕಾರಿರಲಿ, ಒಂದು ಕೋಟಿ ಕಾರಿರಲಿ, ಕಳುಹಿಸುವ ಕೆಲಸ ಅಷ್ಟೇ.

ಯುರೋಪಿನಲ್ಲಿ ಇದೇ ಕೆಲಸವನ್ನು ಎಫ್‌ಎಂ ರೇಡಿಯೊ ಇನ್ನೂ ಅಗ್ಗವಾಗಿ ಮಾಡುತ್ತಿತ್ತು. ಟಿಎಂಸಿ ಎಂಬ ಆ ವಿಧಾನ ನೋಡಿದರೆ ಇಂದಿಗೂ ಬೆರಗಾಗುತ್ತದೆ. ಎಫ್‌ಎಂ ಧ್ವನಿಯ ಬದಿಯಲ್ಲಿ ಸೆಕೆಂಡಿಗೆ 1187.5 ಬಿಟ್ ಸಾಗಿಸುವ ಒಂದು ಸಪೂರ ದಾರಿಯಿದೆ. ಅದರಲ್ಲೂ ಒಂದು ಪಾಲು ಮಾತ್ರ ಸಂಚಾರದ ಸುದ್ದಿಗೆ. ಆದ್ದರಿಂದ ವಾಕ್ಯ ಕಳುಹಿಸುವಂತಿಲ್ಲ. ಏನಾಗಿದೆ ಎನ್ನಲು 11 ಬಿಟ್‌ಗಳ ಒಂದು ಸಂಖ್ಯೆ, ಎಲ್ಲಿ ಎನ್ನಲು 16 ಬಿಟ್‌ಗಳ ಇನ್ನೊಂದು ಸಂಖ್ಯೆ, ಯಾವ ದಿಕ್ಕು, ಎಲ್ಲಿವರೆಗೆ, ಎಷ್ಟು ಹೊತ್ತು ಎನ್ನಲು ಇನ್ನಷ್ಟು ಬಿಟ್. ಮುಗಿಯಿತು. ದೇಶದ ಪ್ರತಿ ಮುಖ್ಯ ಕೂಡುರಸ್ತೆಗೂ ಒಂದು ನಂಬರ್ ಕೊಟ್ಟ ಪಟ್ಟಿ ಕಾರಿನೊಳಗೇ ಇರುತ್ತದೆ. ಬರುವುದು ಬರೀ ಸಂಖ್ಯೆಯಾದ್ದರಿಂದ ಜರ್ಮನಿಯ ಹೆದ್ದಾರಿಯ ಸುದ್ದಿಯನ್ನು ಫ್ರೆಂಚ್ ಚಾಲಕ ಫ್ರೆಂಚಿನಲ್ಲೇ ಓದಬಹುದು. ಓಎಂಆರ್‌ನಲ್ಲಿ ತಮಿಳು ಓದಲು ಬಾರದ ಹುಬ್ಬಳ್ಳಿಯ ಹುಡುಗನಿಗೆ ಅದೇ ಸಂಖ್ಯೆ ‘ಮುಂದೆ ರಸ್ತೆ ಮುಚ್ಚಿದೆ’ ಎಂದು ಕನ್ನಡದಲ್ಲಿ ಕಾಣಿಸಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.

ಜಪಾನ್ ಇನ್ನೂ ಮೊದಲೇ, 1996ರಲ್ಲಿ, ವಿಐಸಿಎಸ್ ಶುರುಮಾಡಿತು. ಪೊಲೀಸರು ಮತ್ತು ರಸ್ತೆ ಇಲಾಖೆಯವರ ಮಾಹಿತಿ ಒಂದು ಕೇಂದ್ರಕ್ಕೆ ಬಂದು ಎಫ್‌ಎಂ ಮೂಲಕ, ರಸ್ತೆ ಬದಿಯ ಬೀಕನ್‌ಗಳ ಮೂಲಕ ಕಾರಿಗೆ ಹೋಗುತ್ತದೆ. ಕಾರಿನವನಿಗೆ ತಿಂಗಳ ಚಂದಾ ಇಲ್ಲ. ಖರ್ಚು ಉಪಕರಣದ ಬೆಲೆಯಲ್ಲೇ ಸೇರಿರುತ್ತದೆ. ಅಮೆರಿಕದ ಸೇವೆಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಅಲ್ಲಿ ಅದು ದುಡ್ಡು ಕೊಟ್ಟವರಿಗೆ ಸಿಗುವ ಸೌಕರ್ಯ, ಜಪಾನಿನಲ್ಲಿ ರಸ್ತೆಯ ಭಾಗವೇ. ಉಚಿತವಾಗಿ ಸಿಗುವ ಫೋನ್ ನಕ್ಷೆ ಬಂದ ಕೂಡಲೇ ಅಮೆರಿಕದ ಸೌಕರ್ಯಕ್ಕೆ ಗಿರಾಕಿಗಳು ಕರಗತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಉಪಗ್ರಹ ರೇಡಿಯೊದ ಹವಾಮಾನ ಸೇವೆಗೆ ಇಂದಿಗೂ ದುಡ್ಡು ಕೊಡುವವರಿದ್ದಾರೆ: ಸಣ್ಣ ವಿಮಾನಗಳ ಪೈಲಟ್‌ಗಳು, ದೋಣಿಯವರು. ಟವರ್ ಸಿಗದ ಕಡೆ ಓಡಾಡುವವರು.

ಭಾರತದ ಮೊದಲ ಅವಕಾಶದ ಹೆಸರು ವರ್ಲ್ಡ್‌ಸ್ಪೇಸ್. 2000ದ ಮಾರ್ಚ್‌ನಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದಿಂದ ಅದರ ಪ್ರಸಾರ, ಬೆಂಗಳೂರಿನಲ್ಲಿ ಅದರ ಭಾರತದ ಕಚೇರಿ, ಎ.ಆರ್. ರೆಹಮಾನ್ ಅದರ ರಾಯಭಾರಿ. ಕನ್ನಡಕ್ಕೆ ‘ಸ್ಪರ್ಶ’ ಎಂಬ ಪ್ರತ್ಯೇಕ ಚಾನೆಲ್ಲೇ ಇತ್ತು. ಜಾಹೀರಾತಿಲ್ಲದೆ ಹಳೆಯ ಚಿತ್ರಗೀತೆ ಕೇಳುತ್ತ ಕೂತವರು ಅದನ್ನು ಇನ್ನೂ ನೆನೆಯುತ್ತಾರೆ. ಆದರೆ ಅಂಗೈಯಗಲದ ಆಂಟೆನಾವನ್ನು ಕಿಟಕಿಯಲ್ಲಿ ಪೂರ್ವದ ಕಡೆ ಮುಖಮಾಡಿ ಇಡಬೇಕಿತ್ತು. ಓಡುವ ಕಾರಿಗೆ ಅದು ಹೊಂದಬೇಕಾದರೆ ನಗರಗಳಲ್ಲಿ ನೆಲದ ಮೇಲೆ ಸಂಕೇತವನ್ನು ಮರುಪ್ರಸಾರ ಮಾಡುವ ರಿಪೀಟರ್‌ಗಳು ಬೇಕು, ಅದಕ್ಕೆ ಸರ್ಕಾರದ ನೀತಿ ಬೇಕು. ನೀತಿ ಕಡತದಲ್ಲೇ ಉಳಿಯಿತು. 2008ರಲ್ಲಿ ಅಮೆರಿಕದ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು.

ಎರಡನೆಯದರ ಹೆಸರು ಹೇಳಿದರೆ ಓದುಗರಿಗೆ ಕೋರ್ಟಿನ ನೆನಪಾಗುವುದೇ ಹೆಚ್ಚು: ದೇವಾಸ್. ಬೆಂಗಳೂರಿನ ಈ ಕಂಪನಿ 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಜೊತೆ ಮಾಡಿಕೊಂಡ ಒಪ್ಪಂದದ ತಿರುಳು ಎಸ್-ಬ್ಯಾಂಡ್ ಉಪಗ್ರಹಗಳಿಂದ ಮೊಬೈಲ್ ಸಾಧನ ಮತ್ತು ವಾಹನಗಳಿಗೆ ಪ್ರಸಾರ. 2011ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಅದನ್ನು ರದ್ದುಮಾಡಲು ತೀರ್ಮಾನಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಒಪ್ಪಂದದ ಸರಿತಪ್ಪು ಇಲ್ಲಿನ ವಿಷಯವಲ್ಲ. ಆ ಗದ್ದಲದಲ್ಲಿ ‘ಆಕಾಶದಿಂದ ವಾಹನಕ್ಕೆ’ ಎಂಬ ಆಲೋಚನೆಗೇ ಮಸಿ ಮೆತ್ತಿಕೊಂಡಿತು ಎಂಬುದು ವಿಷಯ. ಒಳ್ಳೆಯ ಸಾಧ್ಯತೆಯೊಂದನ್ನು ಕೆಟ್ಟ ವ್ಯವಹಾರದ ಜೊತೆ ಕಟ್ಟಿ ಒಟ್ಟಿಗೇ ಹೂತದ್ದು ಹೀಗೆ.

ಇಷ್ಟಾದರೂ ಆ ಆಲೋಚನೆ ಸಾಯಲಿಲ್ಲ, ಸಮುದ್ರಕ್ಕೆ ಹೋಯಿತು. 2017ರ ನವೆಂಬರ್ ಕೊನೆಯಲ್ಲಿ ಎದ್ದ ಒಖಿ ಚಂಡಮಾರುತದ ಎಚ್ಚರಿಕೆ ಕನ್ಯಾಕುಮಾರಿ ಮತ್ತು ಕೇರಳದಿಂದ ಆಳ ಸಮುದ್ರಕ್ಕೆ ಹೋಗಿದ್ದ ಮೀನುಗಾರರಿಗೆ ಮುಟ್ಟಲಿಲ್ಲ. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸತ್ತಹಾಗೆ. ನೂರಾರು ಜನ ಮರಳಲಿಲ್ಲ. ಆ ಪೆಟ್ಟಿನ ನಂತರ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ‘ಜೆಮಿನಿ’ ಎಂಬ ಉಪಕರಣವನ್ನು 2019ರ ಅಕ್ಟೋಬರ್‌ನಲ್ಲಿ ಹೊರತಂದಿತು. ವಿಮಾನಗಳ ದಾರಿ ನಿಖರಗೊಳಿಸಲೆಂದು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ‘ಗಗನ್’ ವ್ಯವಸ್ಥೆಯ ಉಪಗ್ರಹಗಳಿಂದ ಚಂಡಮಾರುತ, ಅಲೆಯ ಎತ್ತರ, ಮೀನು ಸಿಗುವ ಜಾಗ ಇವುಗಳ ಸಂದೇಶ ಇಳಿಯುತ್ತದೆ. ಪೆಟ್ಟಿಗೆ ಅದನ್ನು ಬ್ಲೂಟೂತ್‌ನಲ್ಲಿ ಮೀನುಗಾರನ ಫೋನಿಗೆ ದಾಟಿಸುತ್ತದೆ, ಅವನ ಭಾಷೆಯಲ್ಲೇ. ಟವರ್ ಬೇಡ, ಚಂದಾ ಬೇಡ. ಮರಳಿ ಮಾತಾಡಲು ಆಗುವುದಿಲ್ಲ ಎಂಬುದು ಅದರ ಕೊರತೆ.

ಶೋಳಿಂಗನಲ್ಲೂರ್ ಸಿಗ್ನಲ್‌ನಿಂದ ಅಕ್ಕರೈ, ಪನೈಯೂರಿನ ಕಡಲತಡಿಗೆ ಕೆಲವೇ ಕಿಲೋಮೀಟರ್. ಗಗನ್ ಸಂಕೇತ ಕಡಲಿನ ಮೇಲೂ ಬೀಳುತ್ತದೆ, ಓಎಂಆರ್ ಮೇಲೂ ಬೀಳುತ್ತದೆ. ದೋಣಿಗೆ ಸಾಧ್ಯವಾದದ್ದು ಎಂಟು ಲಕ್ಷ, ಹದಿನೈದು ಲಕ್ಷ ಬೆಲೆಯ ಕಾರಿಗೆ ಸಾಧ್ಯವಿಲ್ಲ ಎನ್ನಲು ಯಾವ ಕಾರಣವೂ ಇಲ್ಲ. ಜಪಾನಿನ ಮಿಚಿಬಿಕಿ ಉಪಗ್ರಹಗಳು ತಮ್ಮ ಪಥದರ್ಶಕ ಸಂಕೇತದಲ್ಲೇ ಭೂಕಂಪ, ಸುನಾಮಿಯ ಸಂದೇಶಗಳನ್ನು ಸೇರಿಸಿ ಕಳುಹಿಸುತ್ತಿವೆ. ನಮ್ಮ ನಾವಿಕ್ ಪಥದರ್ಶಕ ವ್ಯವಸ್ಥೆಗೂ ಸಂದೇಶ ಕಳುಹಿಸುವ ಸಾಮರ್ಥ್ಯವಿದೆ, ಅದರ ಆರೋಗ್ಯ ಮಾತ್ರ ಅಷ್ಟಕ್ಕಷ್ಟೆ. 2025ರ ಜನವರಿಯಲ್ಲಿ ಹಾರಿದ ಅದರ ಎನ್‌ವಿಎಸ್-02 ಉಪಗ್ರಹ ನಿಗದಿತ ಕಕ್ಷೆಗೆ ತಲುಪಲೇ ಇಲ್ಲ.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಉಪಗ್ರಹದ ಸಂಕೇತ ತೆಳು, ಮೇಲ್ಸೇತುವೆಯ ಅಡಿಯಲ್ಲಿ ಸಿಗದು. ಓಎಂಆರ್ ತುಂಬ ಮೆಟ್ರೊ ಕಂಬಗಳು ಎದ್ದಿವೆ. ಅಮೆರಿಕದಲ್ಲೂ ನಗರಗಳಿಗೆ ನೂರಾರು ರಿಪೀಟರ್ ಬೇಕಾಗಿದ್ದವು. ಹಾಡಿಗಾದರೆ ಇದು ದೊಡ್ಡ ತೊಂದರೆ, ನಡುವೆ ಕಡಿದರೆ ಕೇಳುವವನಿಗೆ ಸಿಟ್ಟು ಬರುತ್ತದೆ. ನಿಮಿಷಕ್ಕೊಮ್ಮೆ ಮರುಕಳಿಸುವ ಹತ್ತಾರು ಸಂಖ್ಯೆಗಳಿಗೆ ಅದು ತೊಂದರೆಯಲ್ಲ. ಸೇತುವೆಯಿಂದ ಹೊರಬಂದ ಕೂಡಲೇ ಸಿಗುತ್ತದೆ. ಇನ್ನೊಂದು ವಾದ: ಈಗ ಎಲ್ಲರ ಫೋನಿಗೂ ಸರ್ಕಾರವೇ ಎಚ್ಚರಿಕೆ ಕಳುಹಿಸುತ್ತದಲ್ಲ? ಹೌದು, 2023ರಲ್ಲಿ ದೇಶದಾದ್ಯಂತ ಫೋನ್‌ಗಳು ಇದ್ದಕ್ಕಿದ್ದಂತೆ ಕಿರುಚಿ ಪ್ರಯೋಗ ಸಂದೇಶ ತೋರಿಸಿದ್ದು ಎಲ್ಲರಿಗೂ ನೆನಪಿದೆ. ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಅದೂ ಟವರ್‌ನಿಂದ ಬರುವಂಥದ್ದು, ಮತ್ತು ಒಂದು ಪ್ರದೇಶಕ್ಕೆಲ್ಲ ಒಂದೇ ಸಂದೇಶ ಹೇಳುವಂಥದ್ದು. ಮೇಡವಾಕ್ಕಂ ಕಡೆ ತಿರುಗಬೇಡ, ಈಸ್ಟ್ ಕೋಸ್ಟ್ ರಸ್ತೆಯ ಕಡೆ ಹೋಗು ಎಂದು ಅದು ಹೇಳುವುದಿಲ್ಲ.

ಉಪಗ್ರಹವೇ ಆಗಬೇಕೆಂಬ ಹಟವೂ ಬೇಡ. 2011ರ ಮೂರನೇ ಹಂತದ ನೀತಿ ಖಾಸಗಿ ಎಫ್‌ಎಂಗಳಿಗೆ ಸಂಚಾರ ಮತ್ತು ಹವಾಮಾನದ ಮಾಹಿತಿ ಕೊಡಲು ಅನುಮತಿ ನೀಡಿದೆ. ಆಕಾಶವಾಣಿಯ ಮೂರು ಡಜನ್‌ನಷ್ಟು ಮಧ್ಯಮ ತರಂಗ ಕೇಂದ್ರಗಳು ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರಕ್ಕೆ ಸಜ್ಜಾಗಿವೆ. ಮಾರುತಿ ಸುಜುಕಿ, ಹ್ಯುಂಡೈ ಮುಂತಾದವರ ಅನೇಕ ಕಾರುಗಳಲ್ಲಿ ಅದರ ರಿಸೀವರ್ ಕೂತೇ ಇದೆ. ಮಾಲೀಕರಲ್ಲಿ ಬಹುಪಾಲಿಗೆ ಅದು ಗೊತ್ತಿಲ್ಲ. ಬರಹದ ಸುದ್ದಿ ಕಳುಹಿಸುವ, ತುರ್ತಿನಲ್ಲಿ ರೇಡಿಯೊವನ್ನು ತಾನಾಗಿಯೇ ಎಚ್ಚರಿಕೆಗೆ ತಿರುಗಿಸುವ ಗುಣ ಆ ವಿಧಾನದಲ್ಲಿದೆ. ಹಣ ಸುರಿದಾಗಿದೆ, ಗೂಟ ನೆಟ್ಟಾಗಿದೆ, ದನ ಕಟ್ಟುವವರಿಲ್ಲ.

ಕೊನೆಗೂ ತೊಡಕು ಇರುವುದು ಸುದ್ದಿಯ ಮೂಲದಲ್ಲಿ. ಪಳ್ಳಿಕರಣೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಆವರಣವನ್ನೇ ನೋಡಿ. 2022ರ ಜನವರಿಯಲ್ಲಿ ಉದ್ಘಾಟನೆಯಾದ ಚೆನ್ನೈನ ಎಕ್ಸ್-ಬ್ಯಾಂಡ್ ಮಳೆ ರೇಡಾರ್ ಅಲ್ಲಿದೆ. ವಾರ್ಡ್‌ವಾರು ಎಲ್ಲಿ ನೀರು ನಿಲ್ಲಬಹುದು ಎಂದು ಲೆಕ್ಕ ಹಾಕುವ ‘ಸಿ-ಫ್ಲೋಸ್’ ರೂಪಿಸಿದ ಕರಾವಳಿ ಸಂಶೋಧನಾ ಕೇಂದ್ರವೂ ಅಲ್ಲಿಯೇ. ಶೋಳಿಂಗನಲ್ಲೂರ್‌ನಿಂದ ಕೆಲವೇ ಕಿಲೋಮೀಟರ್ ದೂರ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರ ಸೇರಿ 2020ರಲ್ಲಿ ‘ಮೇಘ ಸಂದೇಶ’ ಆ್ಯಪ್ ತಂದವು. ಇಷ್ಟೆಲ್ಲ ಇದ್ದೂ 2022ರ ಆಗಸ್ಟ್ 30ರಂದು ಹೊರವರ್ತುಲ ರಸ್ತೆಯಲ್ಲಿ ಉದ್ಯೋಗಿಗಳು ಐದು ಗಂಟೆ ಸಿಕ್ಕಿಕೊಂಡು 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ರೇಡಾರ್ ಕಂಡದ್ದು ರೇಡಾರಿನಲ್ಲಿ, ಮಾದರಿ ಹೇಳಿದ್ದು ಕಚೇರಿಯಲ್ಲಿ, ಸಿಗ್ನಲ್‌ನಲ್ಲಿ ನೆನೆಯುತ್ತ ನಿಂತ ಪೇದೆ ಕಂಡದ್ದು ಅವನ ವಾಕಿಟಾಕಿಯಲ್ಲಿ. ಮುಚ್ಚಿದ ಸಬ್‌ವೇಗಳ ಪಟ್ಟಿಯನ್ನು ಚೆನ್ನೈ ಪೊಲೀಸರು ಮಳೆಯ ದಿನ ತಪ್ಪದೆ ಹೊರಡಿಸುತ್ತಾರೆ, ಅದು ಹೋಗುವುದು ಸಾಮಾಜಿಕ ಜಾಲತಾಣಕ್ಕೆ, ಚಿತ್ರವಾಗಿ. ಮನುಷ್ಯ ಓದಬಹುದು, ಅದೂ ಗಾಡಿ ನಿಲ್ಲಿಸಿ. ಕಾರಿನ ನಕ್ಷೆಗೆ ಅದು ಅರ್ಥವಾಗದು.

ಆದ್ದರಿಂದ ಕೇಳಬೇಕಾದದ್ದು ಮೊದಲಿಗೆ ಹೊಸ ಉಪಗ್ರಹವನ್ನಲ್ಲ. ಚೆನ್ನೈ ಮತ್ತು ಬೆಂಗಳೂರಿನ ಸಂಚಾರ ಪೊಲೀಸರು, ಪಾಲಿಕೆಗಳು ತಮ್ಮ ಊರಿನ ಪ್ರತಿ ಕೂಡುರಸ್ತೆ, ಅಂಡರ್‌ಪಾಸ್, ಸೇತುವೆಗೆ ಒಂದು ಸ್ಥಿರ ಸಂಖ್ಯೆ ಕೊಡಲಿ; ಮುಚ್ಚಿದ್ದು, ತೆರೆದದ್ದು, ನೀರಿನ ಮಟ್ಟ ಮೂರನ್ನೂ ಆ ಸಂಖ್ಯೆಯ ಮುಂದೆ ಬರೆದು ಯಾರು ಬೇಕಾದರೂ ಬಳಸುವಂತೆ ಬಿಡಲಿ. ಗೂಗಲ್ ಬಳಸಲಿ, ದೇಶೀ ನಕ್ಷೆ ಮ್ಯಾಪ್ಲ್ಸ್ ಬಳಸಲಿ, ಆಕಾಶವಾಣಿ ಬಳಸಲಿ. ಕೇಂದ್ರ ಸರ್ಕಾರ ಅದೇ ಪಟ್ಟಿಯನ್ನು ಗಗನ್ ಸಂದೇಶದಲ್ಲಿ ಸೇರಿಸಿ, ಹೊಸ ಕಾರುಗಳ ಪರದೆಗಳು ಅದನ್ನು ಓದಬೇಕೆಂದು ನಿಯಮ ಮಾಡಲಿ. ದೋಣಿಗೆ ಈ ಕೆಲಸ ಮಾಡಿ ಮುಗಿಸಲು ಒಖಿಯ ನಂತರ ಎರಡು ವರ್ಷ ಹಿಡಿಯಿತು. ಮಿಚಾಂಗ್ ಬಂದು ಹೋಗಿ ಅದಕ್ಕಿಂತ ಹೆಚ್ಚೇ ಆಗಿದೆ.